ಹಾಲ್, ಹೆಲ್: ಓವನ್ ಕವಿತೆ ನನ್ನ ಕಿವಿಗೆ ಬಿದ್ದದ್ದು

ಬಿಎ ಓದುವಾಗ ಇಂಗ್ಲಿಷ್ ಕವಿತೆ ಅಂದರೆ ನನಗೆ ಗೈಡಿನ ಮೂರು ಪುಟ. ಮೊದಲ ಮಹಾಯುದ್ಧದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವನ್ ಬಂದರೆ ‘ಯುದ್ಧದ ವ್ಯರ್ಥತೆ’ ಅಂತ ಬರೆದರಾಯ್ತು, ಮಾರ್ಕ್ಸ್ ಗ್ಯಾರಂಟಿ. ಬಂತು ಕೂಡ.

ಎಂಎಗೆ ದೂರಶಿಕ್ಷಣದಲ್ಲಿ ಕಟ್ಟಿದಾಗ ಅದೇ ಓವನ್ ಮತ್ತೆ ಎದುರಾದ. ಈ ಸಲ ‘ಸ್ಟ್ರೇಂಜ್ ಮೀಟಿಂಗ್’. 44 ಸಾಲು. ಯುದ್ಧದಿಂದ ತಪ್ಪಿಸಿಕೊಂಡ ಸೈನಿಕ ಸುರಂಗವೊಂದಕ್ಕೆ ಇಳಿಯುತ್ತಾನೆ. ನರಳುತ್ತಾ ಮಲಗಿದವರಲ್ಲಿ ಒಬ್ಬ ಎದ್ದು ಇವನನ್ನೇ ದಿಟ್ಟಿಸುತ್ತಾನೆ. ಆಮೇಲೆ ಮಾತು. ಗೈಡ್ ಕೊಳ್ಳಲು ಆಗ ದುಡ್ಡಿರಲಿಲ್ಲ, ಹಾಗಾಗಿ ಕವಿತೆಯನ್ನು ನೋಟ್‌ಬುಕ್ಕಿಗೆ ಬರೆದುಕೊಂಡು ದಿನಾ ಗಟ್ಟಿಯಾಗಿ ಓದತೊಡಗಿದೆ.

ಓದುವಾಗ ಸಾಲಿನ ಕೊನೆಗಳು ಎಡವುತ್ತಿದ್ದವು. ಎಸ್ಕೇಪ್ಡ್, ಸ್ಕೂಪ್ಡ್. ಗ್ರೋಯ್ನ್ಡ್, ಗ್ರೋನ್ಡ್. ಪ್ರಾಸ ಇದ್ದ ಹಾಗೂ ಇದೆ, ಇಲ್ಲದ ಹಾಗೂ ಇದೆ. ಕನ್ನಡ ಮೀಡಿಯಮ್ಮಿನವನು ನಾನು, ನನ್ನ ಉಚ್ಚಾರಣೆಯೇ ತಪ್ಪಿರಬೇಕು ಅಂದುಕೊಂಡೆ. ಡಿಕ್ಷನರಿ ತೆಗೆದು ನೋಡಿದರೆ ಉಚ್ಚಾರಣೆ ಸರಿಯಾಗೇ ಇತ್ತು!

ಆಗ ನೆನಪಾದದ್ದು ಹೈಸ್ಕೂಲಿನ ಹಳಗನ್ನಡ ಪದ್ಯ. ನಮ್ಮ ಆದಿಪ್ರಾಸದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದರ ಸ್ವರ ಬದಲಾದರೂ ನಡೆಯುತ್ತದೆ. ಮರ, ಕಿರು, ಸುರಿ, ಹೀಗೆ. ಓವನ್ ಇದನ್ನೇ ಸಾಲಿನ ತುದಿಯಲ್ಲಿ, ಇನ್ನೂ ಬಿಗಿಯಾಗಿ ಮಾಡಿದ್ದಾನೆ ಅನ್ನಿಸಿತು. ಪದದ ಹಿಂದೆ ಮುಂದೆ ವ್ಯಂಜನ ಹಾಗೇ ಇರುತ್ತದೆ, ನಡುವಿನ ಸ್ವರ ಮಾತ್ರ ಜಾರುತ್ತದೆ. ಇಂಗ್ಲಿಷಿನವರು ಇದಕ್ಕೆ ಪ್ಯಾರಾರೈಮ್ ಅನ್ನುತ್ತಾರೆ. ಹಾಲ್ ಅನ್ನುವ ಪದ ಮುಂದಿನ ಸಾಲಿಗೆ ಬರುವಷ್ಟರಲ್ಲಿ ಹೆಲ್ ಆಗಿರುತ್ತದೆ. ತಾನು ನಿಂತಿರುವುದು ನರಕದಲ್ಲಿ ಅಂತ ಆ ಸೈನಿಕನಿಗೆ ಗೊತ್ತಾಗುವುದೂ ಅಲ್ಲೇ.

ಆಮೇಲೆ ಕನ್ನಡಕ್ಕೆ ತರಲು ಕೂತೆ. ಪ್ರಕಟಿಸಲಿಕ್ಕಲ್ಲ, ಸುಮ್ನೆ. ನನಗೆ ಅರ್ಥ ಬಿಡಿಸಲು ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿಲ್ಲ. ಇಂಗ್ಲಿಷಿನ ‘ಯೂ’ ಕನ್ನಡಕ್ಕೆ ಬಂದರೆ ನೀನೋ ನೀವೋ ತೀರ್ಮಾನಿಸಲೇಬೇಕು, ಅಲ್ವಾ? ಮೊದಲು ‘ನೀವು’ ಅಂತಲೇ ಬರೆದಿದ್ದೆ, ಅಪರಿಚಿತರಲ್ವಾ ಅಂತ. ಕೊನೆಗೆ ಸತ್ತವನು ತಾನು ಯಾರು ಅಂತ ಹೇಳುತ್ತಾನೆ: ‘ಗೆಳೆಯಾ, ನೀನು ಕೊಂದ ಶತ್ರು ನಾನು.’ ನಿನ್ನೆ ಹುಬ್ಬು ಗಂಟಿಕ್ಕಿ ತಿವಿದವನು ಈ ಮುಖದವನೇ ಅಂತ ಕತ್ತಲಲ್ಲೂ ಗುರುತು ಹಿಡಿದಿದ್ದಾನೆ. ಅಷ್ಟು ಹತ್ತಿರದಿಂದ ತಿವಿದವನಿಗೆ ಎಂಥ ‘ನೀವು’? ಎಲ್ಲವನ್ನೂ ‘ನೀನು’ ಮಾಡಿದೆ.

ಕವಿಯ ಜೀವನ ಓದಿದ್ದು ಇಷ್ಟೆಲ್ಲ ಆದ ಮೇಲೆ. 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದೇ ವಾರ ಇದ್ದಾಗ, ಉತ್ತರ ಫ್ರಾನ್ಸಿನ ಕಾಲುವೆ ಒಂದರ ಬಳಿ ಸತ್ತ. ಆಗ ವಯಸ್ಸು 25. ಇದನ್ನು ಮೊದಲೇ ಓದಿದ್ದರೆ ಕಣ್ಣೀರು ಜಾಸ್ತಿ ಬರುತ್ತಿತ್ತು, ಪ್ರಾಸ ಕೇಳುತ್ತಿರಲಿಲ್ಲ.

ಅನುವಾದ ಇನ್ನೂ ಮುಗಿದಿಲ್ಲ. ಕಿಲ್ಡ್, ಕೋಲ್ಡ್ ಜೋಡಿಗೆ ವಾರಗಟ್ಟಲೆ ಹುಡುಕಿ ‘ಕೊಂದಿದ್ದೆ, ಕುಂದಿದ್ದೆ’ ಸಿಕ್ಕಿತು. ಫ್ರೆಂಡ್, ಫ್ರೌನ್ಡ್ ಮಾತ್ರ ಬಗ್ಗುತ್ತಿಲ್ಲ. ‘ಗೆಳೆಯ’ ಅಂತ ಬರೆದು ಅದರ ಕೆಳಗಿನ ಸಾಲಿನ ಕೊನೆ ಖಾಲಿ ಬಿಟ್ಟಿದ್ದೇನೆ.