ಇಲೊಇಲೊಗೆ ಬರುವ ಕನ್ನಡಿಗರಿಗೆ: ಫಿಲಿಪಿನೊದಿಂದ ಹಿಲಿಗಾಯ್ನೊನ್‌ಗೆ

ವೈದ್ಯಕೀಯ ಓದಿಗೋ ಉದ್ಯೋಗಕ್ಕೋ ಫಿಲಿಪ್ಪೀನ್ಸ್‌ನ ಇಲೊಇಲೊ ಅಥವಾ ಬಕೊಲೊಡ್ ನಗರಕ್ಕೆ ಬರುವ ನಮ್ಮವರಲ್ಲಿ ಕೆಲವರು ಊರು ಬಿಡುವ ಮೊದಲೇ ಅಷ್ಟಿಷ್ಟು ಫಿಲಿಪಿನೊ ಕಲಿತಿರುತ್ತಾರೆ. ಅದು ವ್ಯರ್ಥವಲ್ಲ, 1987ರ ಸಂವಿಧಾನ ಅದನ್ನು ರಾಷ್ಟ್ರಭಾಷೆಯೆಂದು ಸಾರಿದೆ, ಶಾಲೆ ಮತ್ತು ಟಿವಿಯಿಂದಾಗಿ ಇಲ್ಲಿ ಹೆಚ್ಚಿನವರಿಗೆ ಅರ್ಥವೂ ಆಗುತ್ತದೆ. ಆದರೆ ಮನೆಯಲ್ಲಿ, ಮಾರುಕಟ್ಟೆಯಲ್ಲಿ, ಜೀಪ್ನಿ ಎಂಬ ಸಣ್ಣ ಬಸ್ಸಿನಲ್ಲಿ ಕಿವಿಗೆ ಬೀಳುವುದು ಜನರು ಇಲೊಂಗೊ ಎಂದೂ ಕರೆಯುವ ಹಿಲಿಗಾಯ್ನೊನ್. ನೀರಿಗೆ ‘ತುಬಿಗ್’, ಕೃತಜ್ಞತೆಗೆ ‘ಸಲಾಮತ್’ ಎಂಬಂಥ ಪದಗಳು ಎರಡರಲ್ಲಿಯೂ ಒಂದೇ ಆಗಿರುವುದರಿಂದ, ಪದ ಬದಲಿಸಿದರೆ ವಾಕ್ಯ ತಾನಾಗಿ ಸರಿಹೋಗುತ್ತದೆ ಎಂದು ಹೊಸಬರು ನಂಬಿಬಿಡುತ್ತಾರೆ.

ಸುಲಭವಾದವುಗಳನ್ನು ಮೊದಲು ಮುಗಿಸೋಣ. ಬೆಳಗಿನ ವಂದನೆಯಾದ ‘ಮಗಂಡಂಗ್ ಉಮಾಗಾ’ ಇಲ್ಲಿ ‘ಮಾಅಯೊಂಗ್ ಆಗಾ’ ಆಗುತ್ತದೆ. ಬೆಲೆ ಕೇಳುವ ‘ಮಗ್ಕಾನೊ ಇತೊ’ ಬದಲು ‘ತಗ್ಪಿಲಾ ಇನಿ’ ಎನ್ನಬೇಕು. ಜೀಪ್ನಿ ನಿಲ್ಲಿಸಲು ಮನಿಲಾದವರು ‘ಪಾರಾ ಪೊ’ ಎಂದರೆ, ಇಲ್ಲಿನವರು ‘ಲುಗಾರ್ ಲಂಗ್’ ಎನ್ನುತ್ತಾರೆ.

ನಿಜವಾದ ತೊಡಕಿರುವುದು ನಿಷೇಧದಲ್ಲಿ. ಫಿಲಿಪಿನೊದಲ್ಲಿ ಕೆಲಸ ಮುಗಿದಿರಲಿ, ನಡೆಯುತ್ತಿರಲಿ, ಮುಂದೆ ನಡೆಯುವುದಿರಲಿ, ಅದನ್ನು ನಿರಾಕರಿಸಲು ‘ಹಿಂದಿ’ ಎಂಬ ಒಂದೇ ಪದ ಸಾಕು. ‘ನಾನು ತಿನ್ನಲಿಲ್ಲ’ ಎನ್ನಲು ‘ಹಿಂದಿ ಅಕೊ ಕುಮಾಯಿನ್’ ಎನ್ನುತ್ತಾರೆ. ಹಿಲಿಗಾಯ್ನೊನ್ ಹಾಗಲ್ಲ. ಮುಗಿದ ಅಥವಾ ನಡೆಯುತ್ತಿರುವ ಕೆಲಸಕ್ಕೆ ‘ವಲಾ’, ಮುಂದೆ ಮಾಡಲಾರೆನೆಂಬುದಕ್ಕೆ ‘ಇಂದಿ’ ಬರುತ್ತದೆ: ‘ವಲಾ ಅಕೊ ನಗ್ಕಾಓನ್’ ಎಂದರೆ ತಿನ್ನಲಿಲ್ಲ, ‘ಇಂದಿ ಅಕೊ ಮಗ್ಕಾಓನ್’ ಎಂದರೆ ತಿನ್ನುವುದಿಲ್ಲ, ಒಲ್ಲೆ. ‘ವಲಾ’ ಎಂಬುದೇ ‘ಇಲ್ಲ’ ಎಂಬ ಅರ್ಥದ ಪದವೂ ಆಗಿರುವುದರಿಂದ, ‘ದುಡ್ಡಿಲ್ಲ’, ‘ಬರಲಿಲ್ಲ’ ಎರಡಕ್ಕೂ ಒಂದೇ ‘ಇಲ್ಲ’ವನ್ನು ಬಳಸಿ ಬೆಳೆದ ನಮಗೆ ಇದು ಬೇಗ ಒಗ್ಗುತ್ತದೆ, ಫಿಲಿಪಿನೊದ ‘ಹಿಂದಿ’ಯನ್ನು ಯಾಂತ್ರಿಕವಾಗಿ ‘ಇಂದಿ’ ಮಾಡುವುದನ್ನು ಮಾತ್ರ ಬಿಡಬೇಕು. ಸಸ್ಯಾಹಾರಿಗಳು ‘ವಲಾ ಅಕೊ ನಗಕಾಓನ್ ಸಂಗ್ ಕಾರ್ನೆ’, ಅಂದರೆ ಮಾಂಸ ತಿನ್ನುವ ರೂಢಿಯೇ ಇಲ್ಲ (ಇಲ್ಲಿ ‘ನಗಕಾಓನ್’ ನಡೆಯುತ್ತಿರುವ ಕೆಲಸದ ರೂಪ), ಎಂಬುದನ್ನು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು. ಅಷ್ಟಕ್ಕೇ ನಿಲ್ಲಿಸಬೇಡಿ: ಮೀನಿಗೆ ‘ಇಸ್ದಾ’ ಎಂಬ ಬೇರೆಯೇ ಪದವಿದೆ, ಮತ್ತು ಮನಿಲಾದವರು ‘ಬಗೊಓಂಗ್’ ಎನ್ನುವ ಹುದುಗಿಸಿದ ಮೀನು-ಸಿಗಡಿಯ ಗೊಜ್ಜು ಇಲ್ಲಿ ‘ಗಿನಾಮೊಸ್’ ಎಂಬ ಹೆಸರಿನಲ್ಲಿ ತರಕಾರಿ ಪಲ್ಯದೊಳಗೂ ಸೇರಿಕೊಂಡಿರಬಹುದು.

ಗೌರವದ ವಿಷಯದಲ್ಲಿ ಫಿಲಿಪಿನೊದ ‘ಪೊ’ಗೆ ಇಲ್ಲಿ ಸರಿಸಾಟಿಯಾದ ಪದವಿಲ್ಲ. ‘ಪೊ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಆದರೆ ಹೊರಗಿನವರೆಂದು ಗೊತ್ತಾಗುತ್ತದೆ. ಇಲ್ಲಿ ಮರ್ಯಾದೆಯನ್ನು ತೋರಿಸುವುದು ಸಂಬಂಧಸೂಚಕ ಪದಗಳಿಂದ ಮತ್ತು ರಾಗವಾಗಿ ಎಳೆಯುವ ಮೆಲುದನಿಯಿಂದ: ಹಿರಿಯ ಗಂಡಸರನ್ನು ‘ಮನೊಂಗ್’, ಹೆಂಗಸರನ್ನು ‘ಮನಂಗ್’, ಕರೆಯುವಾಗ ಮೊಟಕಾಗಿ ‘ನೊಂಗ್’, ‘ನಂಗ್’ ಎನ್ನಬೇಕು. ಡ್ರೈವರನ್ನು ಅಣ್ಣಾ ಎನ್ನುವವರಿಗೆ ‘ನೊಂಗ್, ಲುಗಾರ್ ಲಂಗ್’ ಕಷ್ಟವೇನಲ್ಲ.

ಒಂದೇ ರೂಪದ, ಬೇರೆ ಅರ್ಥದ ಪದಗಳ ಬಗ್ಗೆ ಎಚ್ಚರವಿರಲಿ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಅರ್ಥದ ಫಿಲಿಪಿನೊದ ‘ಮಹಾಲ್ ಕಿತಾ’ದಲ್ಲಿ ‘ಕಿತಾ’ ಎಂದರೆ ‘ನಾನು ನಿನ್ನನ್ನು’. ಹಿಲಿಗಾಯ್ನೊನ್‌ನಲ್ಲಿ ಅದು ಕೇಳುವವರನ್ನೂ ಒಳಗೊಂಡ ‘ನಾವು’, ಅವರನ್ನು ಬಿಟ್ಟ ‘ನಾವು’ ಎನ್ನಲು ‘ಕಮಿ’ ಇದೆ. ಆದ್ದರಿಂದ ಆ ಪ್ರೀತಿಯ ಮಾತು ಇಲ್ಲಿ ‘ಪಲಂಗ್ಗಾ ತಾ ಕಾ’. ಗೊಂದಲವಾಗಿದೆ ಎನ್ನಲು ಇಲೊಂಗೊಗಳು ಸಹಜವಾಗಿ ಬಳಸುವ ‘ಲಿಬೊಗ್’ ಫಿಲಿಪಿನೊದಲ್ಲಿ ಕಾಮೋದ್ರೇಕವಾದ್ದರಿಂದ, ಇಲ್ಲಿ ಕಲಿತದ್ದನ್ನು ಮನಿಲಾದ ತರಗತಿಯಲ್ಲಿ ಆಡಬೇಡಿ.

ವಾರ್ಡಿಗೆ ಹೋಗುವ ವಿದ್ಯಾರ್ಥಿಗಳು ಇನ್ನೆರಡನ್ನು ತಕ್ಷಣ ಕಲಿಯಬೇಕು: ಎಲ್ಲಿ ನೋವು ಎನ್ನಲು ‘ಸಾಅನ್’ ಬದಲು ‘ದಿಇನ್ ಅಂಗ್ ಮಸಾಕಿತ್’, ಜ್ವರಕ್ಕೆ ‘ಲಗ್ನಾತ್’ ಬದಲು ‘ಹಿಲಾನತ್’. ಮುದುಕರು ತಮ್ಮ ನೋವನ್ನು ಹೇಳಿಕೊಳ್ಳುವುದು ಹೆಚ್ಚಾಗಿ ಈ ಭಾಷೆಯಲ್ಲಿಯೇ.