ಹೊಟ್ಟೆಯಲ್ಲಿ ತೇಲುವ ಔಷಧಿ ಗೋಲಿಗಳು: ನನ್ನ ಅನುಭವ

ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡದ್ದು ಫ್ಯಾಮೊಟಿಡಿನ್. ಹೊಟ್ಟೆಯ ಆಮ್ಲ ತಗ್ಗಿಸುವ ಈ ಔಷಧಿಯನ್ನು ನುಂಗಿದರೆ ರಕ್ತಕ್ಕೆ ಸೇರುವುದು ಶೇ. 40-45ರಷ್ಟೇ. ಅದು ಹೊಟ್ಟೆಯಲ್ಲೇ ಹೆಚ್ಚು ಹೊತ್ತು ಉಳಿಯಲಿ ಎಂಬುದು ನನ್ನ ಉದ್ದೇಶ. ಆದರೆ ಖಾಲಿ ಹೊಟ್ಟೆಯಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಜೋರು ಅಲೆ ಎದ್ದು, ಒಳಗಿದ್ದದ್ದನ್ನೆಲ್ಲ ಕರುಳಿಗೆ ನೂಕುತ್ತದೆ. ಇಡೀ ಮಾತ್ರೆಯಾದರೆ ಒಂದೇ ಸಲಕ್ಕೆ ಹೋಗಿಬಿಡಬಹುದು. ಸಣ್ಣ ಗೋಲಿಗಳು ಹಾಗೆ ಒಟ್ಟಿಗೆ ಹೋಗುವುದಿಲ್ಲ, ತೇಲಿದರಂತೂ ಇನ್ನೂ ಒಳ್ಳೆಯದು.

ತೇಲಬೇಕಾದರೆ ಗೋಲಿ ಒಳಗೆ ಟೊಳ್ಳಾಗಿರಬೇಕು. ಯೂಡ್ರಾಜಿಟ್ ಎಸ್100 ಎಂಬ ಪಾಲಿಮರ್ (ಪ್ಲಾಸ್ಟಿಕ್‌ನಂಥ ವಸ್ತು) ಮತ್ತು ಔಷಧಿಯನ್ನು ಎಥನಾಲ್, ಡೈಕ್ಲೋರೋಮೀಥೇನ್ ಎಂಬ ಎರಡು ದ್ರಾವಕಗಳ ಮಿಶ್ರಣದಲ್ಲಿ ಕಲಸಿದೆ. ಈ ಪಾಲಿಮರ್ ಆಮ್ಲದಲ್ಲಿ ಕರಗುವುದಿಲ್ಲ, ಅದಕ್ಕೇ ಇದನ್ನು ಆರಿಸಿದೆ. ಆಮೇಲೆ ಪಿವಿಎ (ಹನಿಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪಾಲಿವಿನೈಲ್ ಆಲ್ಕೋಹಾಲ್) ಬೆರೆಸಿದ 40 ಡಿಗ್ರಿ ಬಿಸಿ ನೀರಿಗೆ, ಕಲಕುವ ಯಂತ್ರ ಸ್ಟರರ್ ತಿರುಗುತ್ತಿರುವಾಗಲೇ, ಸಣ್ಣ ಧಾರೆಯಾಗಿ ಬಿಟ್ಟೆ. ಎಥನಾಲ್ ಬೇಗನೆ ನೀರಿಗೆ ಸೇರಿಕೊಳ್ಳುತ್ತದೆ. ಹನಿಯ ಸುತ್ತ ಪಾಲಿಮರ್ ಸಿಪ್ಪೆ ಕಟ್ಟುತ್ತದೆ. ಡೈಕ್ಲೋರೋಮೀಥೇನ್ ಕುದಿಯುವುದೂ ಹೆಚ್ಚುಕಡಿಮೆ 40 ಡಿಗ್ರಿಯಲ್ಲೇ. ಅದು ಆವಿಯಾಗಿ ಹೊರಟಾಗ ಒಳಗೆ ಟೊಳ್ಳು ಉಳಿಯುತ್ತದೆ. ಪೂರಿ ಉಬ್ಬಿದ ಹಾಗೆ ಅಂದುಕೊಳ್ಳಿ: ಮೊದಲು ಹೊರಪದರ, ಆಮೇಲೆ ಒಳಗಿನ ಜಾಗ.

ಇಲ್ಲಿ ಎಲ್ಲವೂ ನಿಂತಿರುವುದು ಆ ಎರಡು ದ್ರಾವಕಗಳ ಅಳತೆಯ ಮೇಲೆ. ಎಥನಾಲ್ ಜಾಸ್ತಿಯಾದರೆ ಹನಿ ದುಂಡಾಗುವ ಮೊದಲೇ ಪಾಲಿಮರ್ ಗಟ್ಟಿಯಾಗಿ, ಬಿಳಿ ನೂಲಿನ ಹಾಗೆ ಸ್ಟರರ್ ದಂಡಕ್ಕೆ ಸುತ್ತಿಕೊಳ್ಳುತ್ತದೆ. ಕಡಿಮೆಯಾದರೆ ಸಿಪ್ಪೆ ಕಟ್ಟುವುದು ತಡವಾಗಿ, ಹನಿಗಳು ಒಂದಕ್ಕೊಂದು ಅಂಟುತ್ತವೆ. ನನ್ನ ಮಟ್ಟಿಗೆ ಸರಿಹೋದದ್ದು ಸಮಪಾಲು. ಸೋಸಿ ಒಣಗಿಸಿದ ಗೋಲಿಯನ್ನು ಬ್ಲೇಡಿನಲ್ಲಿ ಕೊಯ್ದು ಮೈಕ್ರೋಸ್ಕೋಪ್ ಕೆಳಗಿಟ್ಟೆ. ತೆಳು ಗೋಡೆ, ನಡುವೆ ಖಾಲಿ ಜಾಗ. ಅದನ್ನು ಕಣ್ಣಾರೆ ಕಂಡಾಗ ಆದ ಖುಷಿ ಹೇಳತೀರದು.

ಇನ್ನು ತೇಲುವ ಪರೀಕ್ಷೆ. ಬರೀ ಆಮ್ಲದ ಮೇಲೆ ಉದುರಿಸಿ ‘ತೇಲಿತು’ ಎಂದು ಬರೆದರೆ ನಾನು ಒಪ್ಪುವುದಿಲ್ಲ. ಒಣಗಿದ ಪುಡಿ ಒದ್ದೆಯಾಗದೆ ಸುಮ್ನೆ ಮೇಲೆ ನಿಂತಿರಬಹುದು, ಅಲ್ವಾ? ಅದಕ್ಕೇ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಚೂರು ಟ್ವೀನ್ 80 (ಪುಡಿ ಚೆನ್ನಾಗಿ ಒದ್ದೆಯಾಗುವಂತೆ ಮಾಡುವ, ಸೋಪಿನಂಥ ವಸ್ತು) ಸೇರಿಸಿ, 37 ಡಿಗ್ರಿಯಲ್ಲಿ ತಿರುಗಿಸುತ್ತಲೇ ಇಟ್ಟೆ. ಮುಳುಗಿದ್ದನ್ನೂ ತೇಲಿದ್ದನ್ನೂ ಬೇರೆ ಬೇರೆ ಒಣಗಿಸಿ ತೂಗಿದೆ. ಒಳಗೆ ಟೊಳ್ಳಿಲ್ಲದ ಗೋಲಿಗಳು ತಳ ಸೇರುವುದು ಆಗ ಗೊತ್ತಾಗುತ್ತದೆ.

ಗೋಲಿಯಿಂದ ಔಷಧಿ ಎಷ್ಟು ಬೇಗ ಹೊರಬರುತ್ತದೆ ಎಂಬ ಬಿಡುಗಡೆಯ ಪರೀಕ್ಷೆಗೆ ಬ್ಯಾಸ್ಕೆಟ್ (ಗೋಲಿಗಳನ್ನು ದ್ರವದೊಳಗೇ ಹಿಡಿದಿಡುವ ಜಾಲರಿ ಬುಟ್ಟಿ) ಬಳಸಿ. ಗೋಲಿಗಳು ಮೇಲ್ಮೈಗೆ ಬಂದು ಪಾತ್ರೆಯ ಗೋಡೆಗೆ ಅಂಟಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಬಿಡುಗಡೆ ತೀರಾ ನಿಧಾನ ಎನಿಸಿದರೆ ಗೋಲಿ ಮಾಡುವಾಗಲೇ ಸ್ವಲ್ಪ ಎಚ್‌ಪಿಎಂಸಿ ಎಂಬ ಇನ್ನೊಂದು ಪಾಲಿಮರ್ ಸೇರಿಸಿ ನೋಡಿ. ಅದು ನೀರಿನಲ್ಲಿ ಕರಗಿ ಗೋಡೆಯಲ್ಲಿ ದಾರಿ ಬಿಡಿಸುತ್ತದೆ. ಗೋಲಿಯಲ್ಲಿ ಉಳಿದ ಡೈಕ್ಲೋರೋಮೀಥೇನ್ ಎಷ್ಟಿದೆ ಎಂದು ಅಳೆಯುವುದನ್ನು ಮಾತ್ರ ಬಿಡಬೇಡಿ. ಔಷಧಿಗಳ ನಿಯಮ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್ ಇಟ್ಟಿರುವ ಮಿತಿ 600 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 600.