ಐವಿ ಕೈಯಲ್ಲಿ ‘ರಕ್ತ’ ಬರುತ್ತಿರಲಿಲ್ಲ, ಹೀಗೆ ಸರಿಯಾಯ್ತು

ದಾವಣಗೆರೆಯ ನಮ್ಮ ನರ್ಸಿಂಗ್ ಕಾಲೇಜಿನ ಸಿಮ್ಯುಲೇಶನ್ ಲ್ಯಾಬ್‌ನಲ್ಲಿ ಐವಿ (ರಕ್ತನಾಳಕ್ಕೆ ಡ್ರಿಪ್ ಸೂಜಿ) ಹಾಕುವುದನ್ನು ಕಲಿಸುವ ರಬ್ಬರ್ ಕೈ ಇದೆ. ಒಳಗೆ ರಕ್ತನಾಳದ ಬದಲು ಟ್ಯೂಬ್, ಅದಕ್ಕೆ ಮೇಲೆ ಕಟ್ಟಿದ ಬ್ಯಾಗಿನಿಂದ ಕೆಂಪು ಬಣ್ಣದ ನೀರು. ಕ್ಯಾನುಲಾ (ಸೂಜಿ ಇರುವ ಸಣ್ಣ ಪ್ಲಾಸ್ಟಿಕ್ ನಳಿಕೆ) ಸರಿಯಾಗಿ ಒಳಗೆ ಹೋದರೂ ಅದರ ಹಿಂದಿನ ಚೇಂಬರ್‌ಗೆ ಕೆಂಪು ನೀರು ಬರುತ್ತಿರಲಿಲ್ಲ. ಮಕ್ಕಳು ಸುಮ್ನೆ ಮತ್ತೆ ಮತ್ತೆ ಚುಚ್ಚಿ ಚರ್ಮ ತೂತಾಗಿದ್ದೇ ಬಂತು.

ಬ್ಯಾಗನ್ನು ಇನ್ನೂ ಎತ್ತರಕ್ಕೆ ಕಟ್ಟಿದೆವು, ಹಳೇ ತೂತುಗಳಿಂದ ಸೋರಿತು ಅಷ್ಟೇ. 22 ಗೇಜ್ ಕ್ಯಾನುಲಾ ಬದಲು ಅದಕ್ಕಿಂತ ದಪ್ಪನೆಯ 18 ಹಾಕಿದರೂ ಅಷ್ಟೇ. ಟ್ಯೂಬ್ ಬದಲಿಸಿದರೆ ಸ್ವಲ್ಪ ದಿನ ಸರಿ, ಆಮೇಲೆ ಅದೇ ಕಥೆ.

ಬಿಚ್ಚಿದ ಟ್ಯೂಬನ್ನು ಉದ್ದಕ್ಕೆ ಸೀಳಿದಾಗ ಒಳಗೆ ಬಿಳಿ ಪದರ, ನೀರು ಕಾಯಿಸುವ ಪಾತ್ರೆ ತಳದಲ್ಲಿ ಕಟ್ಟುತ್ತಲ್ಲ, ಅದೇ ಥರ. ಬಣ್ಣ ಕಲಸುತ್ತಿದ್ದದ್ದು ಬೋರ್‌ವೆಲ್ ಗಡಸು ನೀರಲ್ಲಿ, ಅದೂ ರಾತ್ರಿಯೆಲ್ಲ ಟ್ಯೂಬಲ್ಲೇ ಉಳಿಯುತ್ತಿತ್ತು.

ಈಗ ಹೊಸ ಟ್ಯೂಬ್, ಡಿಸ್ಟಿಲ್ಡ್ ವಾಟರ್‌ನಲ್ಲೇ ಬಣ್ಣ (ಬ್ಯಾಟರಿ ಅಂಗಡಿಯಲ್ಲಿ ಕ್ಯಾನ್ ಸಿಗುತ್ತದೆ, ಆದರೆ ಅದು ಪ್ರಾಕ್ಟೀಸ್ ಕೈಗೆ ಮಾತ್ರ). ಬ್ಯಾಗ್ ಕೈಗಿಂತ ಒಂದೂವರೆ ಅಡಿ ಮೇಲೆ, ಜಾಸ್ತಿ ಬೇಡ. ಮೊದಲು ಟ್ಯೂಬಿನ ಎರಡೂ ಕಡೆಯ ಕ್ಲ್ಯಾಂಪ್ (ಟ್ಯೂಬ್ ಅದುಮಿ ಮುಚ್ಚುವ ಕ್ಲಿಪ್) ತೆರೆದು ನೀರು ಹರಿಯಲು ಬಿಡಿ, ಗುಳ್ಳೆ ನಿಂತ ಮೇಲೆ ಹೊರಗೆ ಹೋಗುವ ಕಡೆಯದನ್ನು ಮಾತ್ರ ಮುಚ್ಚಿ, ಬ್ಯಾಗ್ ಕಡೆಯದು ತೆರೆದೇ ಇರಲಿ, ಇಲ್ಲದಿದ್ದರೆ ಒತ್ತಡ ಸಿಗುವುದಿಲ್ಲ. ಕ್ಲಾಸ್ ಮುಗಿದ ಕೂಡಲೇ ಬ್ಯಾಗ್ ತೆಗೆದು, ಬಣ್ಣವಿಲ್ಲದ ಡಿಸ್ಟಿಲ್ಡ್ ವಾಟರ್ ಹರಿಸಿ, 50 ಎಂಎಲ್ ಸಿರಿಂಜ್‌ನಿಂದ ಗಾಳಿ ತಳ್ಳಿ ಪೂರ್ತಿ ಖಾಲಿ ಮಾಡಿ. ಎರಡೂ ಕ್ಲ್ಯಾಂಪ್ ತೆರೆದೇ ಒಣಗಲು ಬಿಡಿ.